ನಾಲ್ಕು ಮೀಟರಿನ ಮೂಕಮ್ಮ

ಬೆಳಗಿನ ಐದೂ ಕಾಲು. ಎರೆಹಾಳದ ಹೈಸ್ಕೂಲು ಮೈದಾನದಲ್ಲಿ ಒಬ್ಬ ಹೆಂಗಸು ಮೊಣಕಾಲೂರಿ ಸ್ಟೀಲ್ ಟೇಪಿನ ತುದಿಯನ್ನು ಮೊಳೆಗೆ ಸಿಕ್ಕಿಸುತ್ತಿದ್ದಾರೆ. ಬಾಯಲ್ಲಿ ಟಾರ್ಚು ಕಚ್ಚಿಕೊಂಡಿದ್ದಾರೆ, ಸೆರಗು ಸೊಂಟಕ್ಕೆ ಸುತ್ತಿದೆ, ಪಕ್ಕದಲ್ಲಿ ಸುಣ್ಣದ ಬಕೀಟು. ನಾನು ನಮಸ್ಕಾರ ಹೇಳಲು ಎರಡು ಹೆಜ್ಜೆ ಮುಂದಿಟ್ಟೆ, ಅಷ್ಟೇ.

"ಏ ಸಾರ್! ಗೆರೆ ಮ್ಯಾಗ ಕಾಲಿಡಬ್ಯಾಡ್ರಿ, ಇನ್ನೂ ಹಸಿ ಐತಿ!"

ಪೇಪರಿನಿಂದ ಬಂದಿದ್ದೇನೆ ಎಂದೆ. ಅವರಿಗೆ ಅದರಿಂದ ಏನೂ ಅನ್ನಿಸಲಿಲ್ಲ. ಟೇಪಿನ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಬಂದೀರಲ್ಲ, ಹಿಡಕೊಳ್ರಿ. ಐವತ್ತಕ್ಕ ನಿಲ್ರಿ. ಬಿಗಿ ಹಿಡೀರಿ, ಹೆದರಬ್ಯಾಡ್ರಿ, ಹರಿಯಲ್ಲ" ಎಂದರು. ಐವತ್ತು ಮೀಟರಿನ ಟೇಪು, ಹಾಗಾಗಿ ಎರಡು ಸಲ. ಮುಗಿಯಿತು ಎಂದುಕೊಂಡರೆ ಕೊನೆಯಿಂದ ಮೊದಲಿಗೆ ಮತ್ತೊಂದು ಸಲ. ಅದೂ ಆದ ಮೇಲೆ, ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದವನೊಬ್ಬನನ್ನು ಕೂಗಿ ಕರೆದು ಮೂರನೆಯ ಸಲ ಅವನಿಂದ ಅಂಕಿ ಓದಿಸಿದರು. ಅವನೂ ತಕರಾರಿಲ್ಲದೆ ಬಗ್ಗಿ ಓದಿದ. ಈ ಊರಿನಲ್ಲಿ ಹಾಲಿನವನಿಗೂ ಇದು ರೂಢಿಯಾಗಿದೆ.

ಇವರು ಮೂಕಮ್ಮ, ವಯಸ್ಸು ಐವತ್ತನಾಲ್ಕು. ಗಡಿಯಾಚೆ ಕರ್ನೂಲು ಕಡೆಯ ಹೊಳಗುಂದ ಮಂಡಲದ ಈ ಕನ್ನಡದ ಊರಿನ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಪಾರ್ಟ್ ಟೈಂ ಸ್ವೀಪರ್. ಗಂಟೆ ಹೊಡೆಯುವುದು, ಕೋಣೆ ಗುಡಿಸುವುದು, ತೊಟ್ಟಿಗೆ ನೀರು ತುಂಬುವುದು ಅವರ ಕೆಲಸ. ಮೈದಾನಕ್ಕೆ ಗೆರೆ ಎಳೆಯುವುದು ಯಾವ ಆದೇಶದಲ್ಲೂ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ಆಗಸ್ಟ್ ಹದಿನೈದರಂದು ಹುಡುಗರು ಎಳೆದ ಗೆರೆ ಹಾವು ಹರಿದಂತಿತ್ತಂತೆ. "ನಮ್ಮಪ್ಪ ಗೌಂಡಿ ಸಾರ್. ದಾರ ಕಟ್ಟಿ ಗ್ವಾಡಿ ಕಟ್ಟಿದಾಂವ. ನಾನು ಗಾರಿ ಹೊತ್ತು ಬೆಳೆದಾಕಿ. ಆ ಸೊಟ್ಟ ಗೆರೆ ನೋಡಿ ಕಣ್ಣಾಗ ಕಸ ಬಿದ್ದಂಗಾತು. ಸರಿರ್ಲೋ ಅಂತ ಅವರ ಕೈಯಾಗಿನ ಸುಣ್ಣದ ಡಬ್ಬಿ ಕಸಗೊಂಡೆ. ಇವತ್ತಿನವರೆಗೂ ವಾಪಸ್ ಕೊಟ್ಟಿಲ್ಲ."

ಆರು ಲೇನಿಗೆ ಏಳು ಗೆರೆ. ಒಂದೊಂದೂ ನೂರು ಮೀಟರು. ಹೋಗುವುದು ಬರುವುದು ಸೇರಿದರೆ ಒಂದು ಚಹಾ ಕುಡಿಯುವ ಮೊದಲು ಬೆನ್ನು ಬಗ್ಗಿಸಿ ಒಂದೂವರೆ ಕಿಲೋಮೀಟರು ಹತ್ತಿರ. ತಿಂಗಳಿಗೆ ಎರಡು ಚೀಲ ಸುಣ್ಣ, ಕ್ರೀಡಾಕೂಟದ ದಿನಗಳಲ್ಲಿ ನಾಲ್ಕು. ಬೆರಳ ಸಂದಿಗಳಲ್ಲಿ ಸುಣ್ಣ ತಿಂದ ಗಾಯ ಯಾವತ್ತೂ ಮಾಯುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಮುಂದಿನ ಕೆಲಸ.

ಅವರ ಪದ್ಧತಿಯೂ ಅಪ್ಪನಿಂದ ಬಂದದ್ದು. ಗೌಂಡಿಗಳು ದಾರಕ್ಕೆ ಬಣ್ಣ ಸವರಿ, ಬಿಗಿ ಹಿಡಿದು, ಎತ್ತಿ ಬಿಟ್ಟು ಗೋಡೆಯ ಮೇಲೆ ಗುರುತು ಹಾಕುತ್ತಾರಲ್ಲ, ಹಾಗೆ. ನೂರು ಮೀಟರಿಗೆ ಎರಡು ತುದಿಗೂ ಗಂಟು ಹಾಕಿದ ಹಗ್ಗ. ಅದನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಎರಡು ಮೊಳೆಯ ನಡುವೆ ಬಿಗಿದು, ಅಲ್ಲಲ್ಲಿ ಎತ್ತಿ ಬಿಟ್ಟರೆ ನೆಲದ ಮೇಲೆ ನೆಟ್ಟಗೆ ಗೆರೆ ಮೂಡುತ್ತದೆ. ಅದರ ಮೇಲೆ ಪುಡಿ ಸುಣ್ಣ ಸುರಿಯುತ್ತಾ ಹೋದರಾಯಿತು. ಒಂದು ಗಂಟಿನ ಹತ್ತಿರ ಓಟ ಶುರು, ಇನ್ನೊಂದು ಗಂಟಿನ ಹತ್ತಿರ ಮುಕ್ತಾಯ. ಅಳತೆಗೂ ಗೆರೆಗೂ ಒಂದೇ ಹಗ್ಗ.

ಹದಿನೇಳು ವರ್ಷ ಅದು ನೈಲಾನ್ ಹಗ್ಗವಾಗಿತ್ತು. ಎರಡು ವರ್ಷದ ಹಿಂದೆ ಯಾರೋ ಹತ್ತಿ ತುಂಬಿದ ಲಾರಿಗೆ ಬಿಗಿಯಲು ಒಯ್ದವರು ವಾಪಸ್ ತರಲಿಲ್ಲ. ಮೂಕಮ್ಮ ಆದೋನಿಗೆ ಹೋಗಿ ಒಳ್ಳೆಯ ನೂಲಿನ ಹಗ್ಗ ತಂದರು. ದೈಹಿಕ ಶಿಕ್ಷಕ ಸೋಮೇಶ್ ಟೇಪು ಹಿಡಿದು ನೂರು ಮೀಟರಿಗೆ ಸರಿಯಾಗಿ ಗಂಟು ಹಾಕಿಸಿದರು. ಹೊಸ ಹಗ್ಗದ ಗೆರೆ ನೋಡಿ ಮೂಕಮ್ಮ ಹಿಗ್ಗಿಹೋದರು.

"ನೂಲಿನ ಹಗ್ಗ ಸುಣ್ಣ ಕುಡೀತೈತಿ ಸಾರ್. ನೈಲಾನ್ ಬರೇ ಮೈಗೆ ಹಚ್ಕೊಂತೈತಿ, ಜಾಡಿಸಿದ್ರ ಹೋತು. ಇದರ ಗೆರೆ ಬಿತ್ತಂದ್ರ ಬಸ್ಸಿನಾಗ ಹೋಗೋರು ಸೈತ ಇಣುಕಿ ನೋಡೋರು. ಆ ಸೊಕ್ಕು ಇತ್ತು ನನಗ. ಎಲ್ಲಾ ಆಗಿದ್ದು ಆ ಸೊಕ್ಕಿಗೇ."

ಏನಾಯಿತು ಎಂದು ತಿಳಿಯಬೇಕಾದರೆ ಅಂಜಿಯ ವಿಷಯ ಹೇಳಬೇಕು. ಪೂರ್ತಿ ಹೆಸರು ಅಂಜಿನಮ್ಮ. ಆಗ ಹದಿನೈದು ವರ್ಷ, ಒಂಬತ್ತನೇ ಕ್ಲಾಸು. ತಾಯಿ ಪೀರಮ್ಮ ಹತ್ತಿ ಬಿಡಿಸುವ ಕೂಲಿಗೆ ಹೋಗುವಾಕೆ. ಹೊರಟುಹೋದ ಶೇರ್ ಆಟೋವನ್ನು ಓಡಿ ಹಿಡಿಯುತ್ತಿದ್ದ ಈ ಹುಡುಗಿಯನ್ನು ಸೋಮೇಶ್ ಸಾರ್ ರಸ್ತೆಯಲ್ಲೇ ಕಂಡು ಮೈದಾನಕ್ಕೆ ಕರೆತಂದರು. ಕಳೆದ ವರ್ಷ ಆಗಸ್ಟಿನ ಒಂದು ಬೆಳಗ್ಗೆ ಅವಳು ಈ ಮೈದಾನದಲ್ಲಿ ನೂರು ಮೀಟರು ಓಡಿದಾಗ ಸ್ಟಾಪ್‌ವಾಚು ತೋರಿಸಿದ್ದು ಹನ್ನೊಂದು ಪಾಯಿಂಟ್ ಆರು ಸೆಕೆಂಡು. ಓಟ ಬಲ್ಲವರು ಕೇಳಿದರೆ ಹುಬ್ಬೇರಿಸುವ ಅಂಕಿ ಅದು. ಸಾರ್ ಸಂತೋಷ ತಡೆಯಲಾರದೆ ವಿಡಿಯೊ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಅದು ಕರ್ನೂಲು ದಾಟಿ ನಮ್ಮ ಬಳ್ಳಾರಿಗೂ ಬಂತು.

ನವೆಂಬರಿನಲ್ಲಿ ರಾಜ್ಯ ಮಟ್ಟದ ಕೂಟ. ಅಂಜಿ ಮೊದಲ ಸಲ ಸಿಂಥೆಟಿಕ್ ಟ್ರ್ಯಾಕು ತುಳಿದಳು, ಅದೂ ಎರವಲು ಸ್ಪೈಕ್ಸಿನಲ್ಲಿ. ಮೂರನೆಯವಳಾಗಿ ಬಂದಳು. ಎಲೆಕ್ಟ್ರಾನಿಕ್ ಗಡಿಯಾರದಲ್ಲಿ ಹನ್ನೆರಡು ಪಾಯಿಂಟ್ ಮೂವತ್ತನಾಲ್ಕು ಸೆಕೆಂಡು. ಹಬ್ಬ ಮಾಡಬೇಕಾದ ಫಲಿತಾಂಶ ಅಲ್ಲವೇ? ಹಬ್ಬ ಹೋಗಲಿ, ಅಲ್ಲಿಂದಲೇ ಗ್ರಹಚಾರ ಶುರುವಾಯಿತು. ಊರಿನಲ್ಲಿ ಹನ್ನೊಂದು ಆರು ಓಡಿದವಳು ಇಲ್ಲಿ ಹೇಗೆ ಇಷ್ಟು ಹಿಂದೆ ಬಿದ್ದಳು? ಆ ಕೂಟಕ್ಕೆ ಉದ್ದೀಪನ ಮದ್ದಿನ ಪರೀಕ್ಷೆಯವರು ಬಂದಿದ್ದರು. ಸುದ್ದಿ ಗೊತ್ತಾಗಿ ಸೂಜಿ ನಿಲ್ಲಿಸಿದ್ದಾಳೆ, ಅದಕ್ಕೇ ಹಿಂದೆ ಬಿದ್ದಿದ್ದಾಳೆ ಎಂದು ಜನ ಆಡಿಕೊಂಡರು. ಕೈಯಲ್ಲಿ ಒತ್ತುವ ಸ್ಟಾಪ್‌ವಾಚಿನ ಅಂಕಿ ಯಾವಾಗಲೂ ಕಾಲು ಸೆಕೆಂಡಿನಷ್ಟು ಚುರುಕು ಎಂದು ತಿಳಿದವರೂ ಮುಕ್ಕಾಲು ಸೆಕೆಂಡು ಅಂತರ ಕಂಡು ಸುಮ್ಮನಾದರು. ವರ್ಷಪೂರ್ತಿ ತರಬೇತಿಯ ಶಿಬಿರಕ್ಕೆ ಇಪ್ಪತ್ತು ಮಕ್ಕಳ ಪಟ್ಟಿ ತಯಾರಾಗುತ್ತಿತ್ತು. ಅಂಜಿಯ ಹೆಸರಿನ ಮುಂದೆ ಪೆಂಡಿಂಗ್ ಎಂದು ಬರೆದರು.

ಅನುಮಾನಪಟ್ಟವರೆಲ್ಲ ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಮಕ್ಕಳಿಗೆ ಮದ್ದು ಚುಚ್ಚಿಸಿ ಓಡಿಸುವವರು ಇದ್ದಾರೆ, ಹಾಗೆ ಹಾಳಾದ ಮಕ್ಕಳನ್ನು ಕಂಡವರೂ ಇದ್ದಾರೆ. ಆದರೆ ನನ್ನದು ಬೇರೆ. ನಾನು ಏನೂ ಕಾಣದೆ, ಏನೂ ಕೇಳದೆ, ಆ ವಿಡಿಯೊವನ್ನು "ಯಾವ ಡಾಕ್ಟರ ಕೈಗುಣವೋ" ಎಂದು ಬರೆದು ನಾಲ್ಕು ಗುಂಪಿಗೆ ತಳ್ಳಿದವನು. ಇದನ್ನು ಮೂಕಮ್ಮನಿಗೆ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓದಿದೋರು" ಎಂದಷ್ಟೇ ಅಂದರು.

ಜನವರಿಯಲ್ಲಿ ಪರೀಕ್ಷೆಯ ವರದಿ ಬಂತು. ಅಂಜಿಯ ಮೈಯಲ್ಲಿ ಯಾವ ಮದ್ದೂ ಇರಲಿಲ್ಲ. ಅದರಿಂದ ಏನು ಬಂತು? ವರದಿ ನವೆಂಬರಿನದು, ವಿಡಿಯೊ ಆಗಸ್ಟಿನದು ಎಂದು ಬಾಯಿ ಮುಚ್ಚಿಸಿದರು. ಮದ್ದು ಇಲ್ಲ ಎಂದು ತೋರಿಸಬಹುದು, ಆ ಅಂತರ ಎಲ್ಲಿಂದ ಬಂತು ಎನ್ನುವುದಕ್ಕೆ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಪೆಂಡಿಂಗ್ ಪೆಂಡಿಂಗ್ ಆಗಿಯೇ ಉಳಿಯಿತು.

"ನನ್ನ ನೀರಿನ ಬಾಟ್ಲಿ ಸೈತ ಮೂಸಿ ನೋಡ್ತಿದ್ರು ಸಾರ್," ಎನ್ನುತ್ತಾಳೆ ಅಂಜಿ. ಶಿಬಿರದಿಂದ ಎರಡು ದಿನದ ರಜೆಗೆ ಬಂದಿರುವ ಅವಳು ಈಗ ನಮ್ಮ ಪಕ್ಕದಲ್ಲೇ ಕೂತು ಕಾಲಿಗೆ ಬೂಟು ಬಿಗಿಯುತ್ತಿದ್ದಾಳೆ. "ಸಂತಿಗೆ ಹೋದ್ರ 'ಸೂಜಿ ಹುಡುಗಿ ಬಂತು' ಅನ್ನೋರು. ನಮ್ಮವ್ವ ಕೇಳಿ ಕೇಳಿ ಸಾಕಾಗಿ, ಮೈದಾನ ಬ್ಯಾಡ, ಹತ್ತಿ ಬಿಡಿಸಾಕ ನಡಿ ಅಂದ್ಲು. ಹೋದೆ."

"ಅದನ್ಯಾಕ ಬಿಟ್ಟಿ? ನಾನೇನಂದೆ, ಅದನ್ನೂ ಹೇಳು," ಎಂದರು ಮೂಕಮ್ಮ. ಹುಡುಗಿ ಇನ್ನೂ ಬಗ್ಗಿ ಲೇಸು ಬಿಗಿದಳು. ಕೊನೆಗೆ ಅವರೇ ಹೇಳಿದರು. "ವರದಿ ಬರೋಕಿಂತ ಮದ್ಲು, ಡಿಸೆಂಬರ್‌ನಾಗ ಒಂದಿನ ತೊಟ್ಟಿ ಹತ್ರ ಆಕಿನ್ನ ನಿಲ್ಲಿಸಿ ಕೇಳಿದೆ. ಖರೇ ಹೇಳಬೇ ಅಂಜಿ, ಯಾರಾರ ಏನಾರ ಕೊಟ್ರೇನು, ನಾನು ಯಾರಿಗೂ ಹೇಳಲ್ಲ ಅಂತ. ಆಕಿ ನನ್ನ ಮಾರಿ ನೋಡಿದ್ಲು. ಕೊಡಾ ಅಲ್ಲೇ ಬಿಟ್ಟು ಹೋದ್ಲು. ಮರುದಿನದಿಂದ ಮೈದಾನಕ್ಕ ಬರ್ಲಿಲ್ಲ." ಆಮೇಲೆ ಮೂಕಮ್ಮನೂ ಸುಣ್ಣದ ಡಬ್ಬಿ ಮುಟ್ಟಲಿಲ್ಲ. ಎರಡು ತಿಂಗಳು ಮೈದಾನದಲ್ಲಿ ಗೆರೆ ಬೀಳಲಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ. ಮೂಕಮ್ಮನ ಮನೆಯ ಹೊರಸು, ಅಂದರೆ ಹಗ್ಗದ ಮಂಚ, ಜೋತುಬಿದ್ದಿತ್ತು. ಈ ಕಡೆ ಹಗ್ಗದ ಹೊರಸು ಸಡಿಲಾದರೆ ಬಿಚ್ಚಿ ಹೆಣೆಯುವುದಿಲ್ಲ. ಬಿಸಿಲಿಗೆ ಹಾಕಿ ಎರಡು ಕೊಡ ನೀರು ಸುರಿಯುತ್ತಾರೆ, ಹಗ್ಗ ತಾನೇ ಬಿಗಿಯುತ್ತದೆ. ಅವರೂ ಸುರಿದರು. ಪಾತ್ರೆ ತೊಳೆದು ಬಂದು ಕೈಯಿಂದ ಬಡಿದು ನೋಡಿದರು. ಬಿಗಿಯಾಗಿತ್ತು. ಬಡಿದ ಕೈ ಅಲ್ಲೇ ನಿಂತಿತು.

"ಹುಟ್ಟಿದಾಗಿಂದ ಹೊರಸಿಗೆ ನೀರು ಹಾಕೀನಿ ಸಾರ್. ಹಗ್ಗ ನೆಂದ್ರ ಗಿಡ್ಡ ಆಗ್ತೈತಿ ಅಂತ ನನಗ ಗೊತ್ತಿಲ್ಲೇನು? ಯವ್ವಾ, ಇಷ್ಟು ದಿನ ಆ ನೂಲಿನ ಹಗ್ಗಾನ ಸುಣ್ಣದ ನೀರಾಗ ಎದ್ದಿ ಅಳತಿ ಮಾಡೀನಿ! ಅಲ್ಲೇ ಕುಂತುಬಿಟ್ಟೆ. ಒಲೀ ಮ್ಯಾಗ ಅನ್ನ ಹೊತ್ತಿ ವಾಸ್ನಿ ಬಂತು, ಏಳಾಕ ಆಗ್ಲಿಲ್ಲ."

ಅವರು ಹೊತ್ತಿದ ಅನ್ನ ಇಳಿಸಿ ಸೀದಾ ಶಾಲೆಗೆ ಓಡಿದರು. ಸೋಮೇಶ್ ಸಾರ್ ಜೊತೆ ಸೇರಿ ಹಗ್ಗ ಅಳೆದರು. ಒಣಗಿದ್ದಾಗ ನೂರಕ್ಕೆ ಒಂದು ಮೊಳ ಕಡಿಮೆ, ಅಷ್ಟೇ. ಬಕೀಟಿನಲ್ಲಿ ನೆನೆಸಿ ಬಿಗಿದು ಅಳೆದರೆ ತೊಂಬತ್ತೈದು ಮೀಟರು ಎಂಬತ್ತು ಸೆಂಟಿಮೀಟರು. ಅಂಜಿ ಓಡಿದ್ದು ನೂರು ಮೀಟರೇ ಅಲ್ಲ. ನಾಲ್ಕು ಮೀಟರು ಚಿಲ್ಲರೆಯನ್ನು ಹಗ್ಗ ನುಂಗಿತ್ತು. ಸೂಜಿಯೂ ಇಲ್ಲ, ಮಾಯೆಯೂ ಇಲ್ಲ.

ಸೋಮೇಶ್ ಸಾರ್ ಮುಚ್ಚುಮರೆಯಿಲ್ಲದ ಮನುಷ್ಯ. ಆ ದಿನ ತಮಗೆ ಧೈರ್ಯವಾಗಲಿಲ್ಲ ಎಂದು ಅವರೇ ಹೇಳುತ್ತಾರೆ. "ಹನ್ನೆರಡು ವರ್ಷದ ಸರ್ವಿಸ್ ನಂದು. ನೂರು ಮೀಟರ್ ಅಳಿಯಾಕ ಬರದಾಂವ ಏನ್ ಮೇಷ್ಟ್ರು ಅಂತ ನಗ್ತಾರಲ್ಲ ಅಂದೆ. ನಾಲ್ಕು ದಿನ ಕಳೀಲಿ, ಜನ ಮರೀತಾರ ಅಂದೆ." ಮೂಕಮ್ಮ ಸಿಟ್ಟಿಗೆದ್ದರು. "ಅವರು ನಕ್ರ ನಮಗೇನು ಹುಣ್ಣಾಗಲ್ಲ ಸಾರ್. ಆ ಹುಡುಗಿ ಹತ್ತಿ ಹೊಲದಾಗ ತಲಿ ತಗ್ಗಿಸಿ ನಿಂತೈತಿ. ನೀವು ಬರ್ರಿ, ಬಿಡ್ರಿ, ಆಯ್ಕೆ ಮಾಡೋರ ಹತ್ರ ನಾನು ಹೊಕ್ಕೀನಿ." ಮರುದಿನ ಬೆಳಗ್ಗೆ ಸಾರ್ ಸ್ಟೀಲ್ ಟೇಪು ಹಿಡಿದು ಅವರ ಮನೆ ಬಾಗಿಲಿಗೆ ಬಂದರು.

ಅದಕ್ಕಿಂತ ಮೊದಲೇ ಮೂಕಮ್ಮ ಇನ್ನೊಂದು ಬಾಗಿಲಿಗೆ ಹೋಗಿ ಬಂದಿದ್ದರು. ಪೀರಮ್ಮನ ಮುಂದೆ ಹಗ್ಗ ಇಟ್ಟು ಎಲ್ಲ ಹೇಳಿದರು. ಪೀರಮ್ಮ ಬಾಯಿಗೆ ಬಂದದ್ದೆಲ್ಲ ಅಂದಳು, ಇವರು ನಿಂತು ಅನ್ನಿಸಿಕೊಂಡರು. ಕೊನೆಗೆ ಅಂಜಿಯೇ ಒಳಗಿನಿಂದ ಬಂದು ಹಗ್ಗದ ಗಂಟನ್ನು ಮುಟ್ಟಿ ನೋಡಿ, "ಅಂದ್ರ ನಾನು ಹಿಂದ ಬಿದ್ದಿಲ್ಲೇನು?" ಎಂದು ಕೇಳಿದಳು. "ನನಗೂ ತಿಳೀದಂಗ ಯಾರಾರ ಏನಾರ ತಿನ್ನಿಸಿದ್ರೇನೋ ಅಂತ ನನಗೇ ಅನುಮಾನ ಬರಾಕ ಹತ್ತಿತ್ತು ಸಾರ್," ಎಂದು ಈಗ ನಗುತ್ತಾಳೆ. ಕೇಳಿದ ನನಗೆ ನಗು ಬರಲಿಲ್ಲ.

ಆ ವಾರ ಆದೋನಿಯ ಮೈದಾನವೊಂದರಲ್ಲಿ ಶಿಬಿರದ ಆಯ್ಕೆ ಸಮಿತಿಯವರು ಸೇರಿದ್ದರು. ಮೂಕಮ್ಮ ಅಲ್ಲಿಗೆ ಹೊರಟರು: ಹಗ್ಗ ಒಂದು ಹತ್ತಿ ಚೀಲದಲ್ಲಿ, ಕೈಯಲ್ಲಿ ಖಾಲಿ ಬಕೀಟು, ಜೊತೆಗೆ ಸಾರ್, ಅಂಜಿ, ಪೀರಮ್ಮ. ಶೇರ್ ಆಟೋ ಒಂದು, ಬಸ್ಸು ಒಂದು. ಬಕೀಟು ಯಾಕೆ ಒಯ್ದಿರಿ, ಅಲ್ಲಿ ಸಿಗುತ್ತಿರಲಿಲ್ಲವೇ ಎಂದರೆ, "ನನ್ನ ಬಕೀಟೇ ಬೇಕು. ಆಮ್ಯಾಲ ಬಕೀಟು ಬ್ಯಾರೆ ಇತ್ತು ಅನ್ನಬಾರದು," ಎನ್ನುತ್ತಾರೆ.

ಸಮಿತಿಯ ಹಿರಿಯರೊಬ್ಬರು ಹಗ್ಗ ನೋಡಿ ನಕ್ಕು ತೆಲುಗಿನಲ್ಲಿ ಕೇಳಿದರು, "ಏಮಮ್ಮಾ, ತಪ್ಪು ಚೇಸಿಂದಿ ಈ ತಾಡೇನಾ?" ತಪ್ಪು ಮಾಡಿದ್ದು ಈ ಹಗ್ಗವೇ ಅಂತ. ಮೂಕಮ್ಮ ಅದೇ ತೆಲುಗಿನಲ್ಲಿ ಉತ್ತರ ಕೊಟ್ಟರು, "ತಾಡು ಕಾದು ಸಾರ್, ನೇನು." ಹಗ್ಗ ಅಲ್ಲ ಸಾರ್, ನಾನು. ಆ ಮೇಲೆ ಅಲ್ಲಿ ಯಾರೂ ನಗಲಿಲ್ಲ ಎಂದು ಸೋಮೇಶ್ ಸಾರ್ ಹೇಳಿದರು.

ಒಣ ಹಗ್ಗವನ್ನು ಟೇಪಿನ ಪಕ್ಕ ಹಾಸಿದರು. ಮೊಳದಷ್ಟು ಕಡಿಮೆ, ಎಲ್ಲರೂ ನೋಡಿದರು. ಆಮೇಲೆ ಸುತ್ತಿ ಬಕೀಟಿಗೆ ಹಾಕಿದರು. ನೆನೆಯಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಸಮಿತಿಯವರು ಚಹಾ ಕುಡಿದರು, ಮೂಕಮ್ಮ ಬಕೀಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ಮತ್ತೆ ಬಿಗಿದಾಗ ಗಂಟು ಮೊಳೆಯವರೆಗೆ ಬರಲಿಲ್ಲ. ಹಿರಿಯರೇ ಕೈ ಹಾಕಿ ಎಳೆದರು, ಬರಲಿಲ್ಲ. ಬಗ್ಗಿ ಓದಿದರು: ತೊಂಬತ್ತೈದು ಎಂಬತ್ತು.

ಅಲ್ಲಿಗೂ ಒಬ್ಬರು, ಹುಡುಗಿ ಇದೇ ಹಗ್ಗದ ಮೇಲೆ ಓಡಿದ್ದಕ್ಕೆ ಸಾಕ್ಷಿ ಏನು ಎಂದರು. ಕೇಳಬೇಕಾದ ಮಾತೇ. ಮೂಕಮ್ಮ ಅಂಜಿಯ ಬೆನ್ನ ಮೇಲೆ ಕೈಯಿಟ್ಟು, "ಸಾಕ್ಷಿ ಇಲ್ಲೇ ಬಂದೈತಲ್ಲ, ಓಡಿಸಿ ನೋಡ್ರಿ," ಎಂದರು.

ಎರಡು ಗೆರೆ ಹಾಕಿದರು. ಒಂದು ಟೇಪಿನ ನೂರು ಮೀಟರು, ಒಂದು ಹಸಿ ಹಗ್ಗದ್ದು. ಮೂವರ ಕೈಯಲ್ಲಿ ಮೂರು ಸ್ಟಾಪ್‌ವಾಚು. ಎರಡು ತಿಂಗಳು ಹತ್ತಿ ಬಿಡಿಸಿದ್ದ ಹುಡುಗಿ ಮೊದಲು ಪೂರ್ತಿ ನೂರು ಓಡಿದಳು. ಹನ್ನೆರಡು ಒಂದು. ಮುಕ್ಕಾಲು ಗಂಟೆ ದಣಿವಾರಿಸಿಕೊಂಡು ಹಗ್ಗದ ಅಳತೆಯದನ್ನು ಓಡಿದಳು. ಮೂವರೂ ವಾಚು ಹತ್ತಿರ ಹಿಡಿದು ನೋಡಿಕೊಂಡರು. ಹನ್ನೊಂದು ಆರು. ಆಗಸ್ಟಿನ ವಿಡಿಯೊದಲ್ಲಿದ್ದ ಅದೇ ಅಂಕಿ. ಕಾಲು ಸೆಕೆಂಡಿನ ಆ ಚುರುಕನ್ನು ಲೆಕ್ಕಕ್ಕೆ ಹಿಡಿದರೆ ರಾಜ್ಯ ಕೂಟದ ಎಲೆಕ್ಟ್ರಾನಿಕ್ ಗಡಿಯಾರಕ್ಕೂ ಕೈವಾಚಿನ ಹನ್ನೆರಡು ಒಂದಕ್ಕೂ ತಾಳೆಯಾಯಿತು. ಹುಡುಗಿ ಎಂದೂ ಹೆಚ್ಚು ಓಡಿರಲಿಲ್ಲ, ಎಂದೂ ಕಡಿಮೆ ಓಡಿರಲಿಲ್ಲ. ಪೀರಮ್ಮ ಮೈದಾನದ ಮಧ್ಯೆಯೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳಂತೆ. ಪೆಂಡಿಂಗ್ ಎಂಬ ಪದವನ್ನು ಹಿರಿಯರು ಅಲ್ಲೇ ಹೊಡೆದುಹಾಕಿದರು.

ಈಗ ಮೈದಾನದಲ್ಲಿ ಮತ್ತೆ ಗೆರೆ ಬೀಳುತ್ತಿದೆ, ಅಳತೆ ಮಾತ್ರ ಸ್ಟೀಲ್ ಟೇಪಿನದು. ಶಾಲೆಯ ಹುಡುಗರು ಮೂಕಮ್ಮನಿಗೆ "ನಾಲ್ಕು ಮೀಟರಮ್ಮ" ಎಂದು ಹೆಸರಿಟ್ಟಿದ್ದಾರೆ. ಅವರು ಕಸಬರಿಗೆ ಹಿಡಿದು ಅಟ್ಟಿಸಿಕೊಂಡು ಹೋಗುತ್ತಾರೆ, ಹುಡುಗರು ಅದಕ್ಕಾಗಿಯೇ ಕೂಗುತ್ತಾರೆ. ತಮ್ಮ ಹಳೆಯ ದಾಖಲೆಗಳೆಲ್ಲ ಸುಳ್ಳಾದವಲ್ಲ ಎಂದು ಒಂದಿಬ್ಬರು ಮುನಿಸಿಕೊಂಡಿದ್ದೂ ಇದೆ. "ಮುನಿಸಿಕೊಳ್ಳಲಿ ಬಿಡ್ರಿ. ಮುನಿಸಿಕೊಂಡ ಮಕ್ಕಳು ಇನ್ನೂ ಜೋರು ಓಡ್ತಾವ."

ಸುದ್ದಿ ಹರಡಿ ಸುತ್ತಲಿನ ಶಾಲೆಗಳವರು ಮೈದಾನ ಅಳೆಯಲು ಇವರನ್ನು ಕರೆಯುತ್ತಿದ್ದಾರೆ. ಇಲ್ಲಿಯವರೆಗೆ ಹದಿನಾಲ್ಕು ಮೈದಾನ ಆಗಿದೆ. ಟೇಪು ಹೆಗಲಿಗೆ ಹಾಕಿಕೊಂಡು ಎಮ್ಮಿಗನೂರಿನ ಬಸ್ಸು ಹತ್ತುತ್ತಾರೆ, ಚಿಪ್ಪಗಿರಿ ಕಡೆಯ ಆಟೋ ಹತ್ತುತ್ತಾರೆ. ಚಿಪ್ಪಗಿರಿ ಕಡೆಯ ಒಂದು ಹಳ್ಳಿಯಲ್ಲಿ ಅಳೆದರೆ ನೂರಾ ಮೂರು ಬಂತಂತೆ. "ಅಯ್ಯೋ ದೇವುಡಾ ಅಂತ ನಕ್ಕು ನಕ್ಕು ಸಾಕಾತು. ಪಾಪ, ಆ ಮಕ್ಕಳು ಇಷ್ಟು ವರ್ಷ ಮೂರು ಮೀಟರ್ ಬಿಟ್ಟಿ ಓಡ್ಯಾವ! ನೀವು ತಿಳಕೊಂಡಿದ್ದಕ್ಕಿಂತ ಜೋರದೀರಿ ಅಂತ ಹೇಳಿದೆ ನೋಡ್ರಿ, ಕುಣಿದಾಡಿಬಿಟ್ವು."

ಮಾತಾಡುತ್ತಾ ಬೆಳಕು ಹರಿಯಿತು. ಅಂಜಿ ಗೆರೆಯ ಹಿಂದೆ ಹೋಗಿ ಬಗ್ಗಿದಳು. ಸೋಮೇಶ್ ಸಾರ್ ಕೊನೆಯಲ್ಲಿ ವಾಚು ಹಿಡಿದು ನಿಂತರು. ಮೂಕಮ್ಮ ಒಂದು ಕೈ ಎತ್ತಿದರು. ಕೈ ಇಳಿಯಿತು, ಹುಡುಗಿ ಹೊರಟಳು. ನನ್ನ ಮುಂದೆ ಹಾದುಹೋದಾಗ ಕಿವಿಗೆ ಬಿದ್ದದ್ದು ಬೂಟಿನ ಸದ್ದು, ಉಸಿರಿನ ಸದ್ದು ಮಾತ್ರ. ನಾನು ಕೈಯಲ್ಲಿದ್ದ ನೋಟ್ ಪುಸ್ತಕವನ್ನು ಕೆಳಗೆ ಬಿಟ್ಟು ಚಪ್ಪಾಳೆ ತಟ್ಟಿದೆ.

"ಹನ್ನೊಂದು ಒಂಬತ್ತು!" ಎಂದು ಸಾರ್ ಅಲ್ಲಿಂದ ಕೂಗಿದರು.

ಮೂಕಮ್ಮ ವಾಚಿನ ಕಡೆ ಹೋಗಲಿಲ್ಲ. ಟೇಪು ಎತ್ತಿಕೊಂಡು ನನ್ನ ಕೈಗೆ ಮತ್ತೆ ಅದರ ತುದಿ ಕೊಟ್ಟರು. ಓಟದ ಮೊದಲು ಮೂರು ಸಲ, ಓಟದ ನಂತರ ಒಂದು ಸಲ, ಅದು ಅವರ ಈಗಿನ ನಿಯಮ. ಅಳೆದೆವು. ನೂರು, ಸೊನ್ನೆ ಸೊನ್ನೆ. ಇನ್ನೇನು ಆಸೆ ಇದೆ ಎಂದು ಕೇಳಿದೆ. ಅವರು ಟೇಪು ಸುತ್ತುತ್ತಾ, ದೂರದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ಹುಡುಗಿಯನ್ನು ನೋಡುತ್ತಾ ಹೇಳಿದರು:

"ಆ ಹನ್ನೊಂದು ಆರು ಐತಲ್ಲ ಸಾರ್, ಅದನ್ನ ಆಕಿಗೆ ಪುಕ್ಕಟೆ ಕೊಟ್ಟಾಕಿ ನಾನು, ಕಸಗೊಂಡಾಕಿನೂ ನಾನು. ಅದಕ್ಕ ಇನ್ನ ಮೂರು ಪಾಯಿಂಟು ಉಳದೈತಿ. ಆಕಿ ಅದನ್ನ ಓಡಿ ತಗೊಳ್ಳೋ ದಿನ ಇದೇ ಮೈದಾನ ಇರಬೇಕು, ಟೇಪು ನನ್ನ ಕೈಯಾಗಿರಬೇಕು. ಯಾರು ಬೇಕಾದ್ರೂ ಬಂದು ಅಳಕೊಳ್ಳಲಿ."